ಅಕ್ಕನ ದನಿಗೆ ನಾನು ಮಾಡಿದ ಮುಖ

ಸಿಡ್ನಿಯ ಹೊರಬಡಾವಣೆ ಟೂಂಗಾಬಿಯಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ, ಎಲ್ಲ ಮನೆಗಳಿಗೂ ಸೇರಿದ ಒಂದು ಲಾಂಡ್ರಿ ಕೋಣೆ ಇತ್ತು. ಎರಡು ವಾಷಿಂಗ್ ಮಷೀನು, ಒಂದು ಡ್ರೈಯರು, ಕಾಲು ಮುರಿದ ಒಂದು ಪ್ಲಾಸ್ಟಿಕ್ ಕುರ್ಚಿ. ಒಂದು ಶನಿವಾರ ಬೆಳಿಗ್ಗೆ ಬಟ್ಟೆಬುಟ್ಟಿ ಹಿಡಿದು ಇಳಿದಾಗ ಒಳಗೆ ಯಾರೋ ರೇಡಿಯೋ ಹಾಕಿದ್ದಾರೆ ಅಂದುಕೊಂಡೆ. ಇಂಗ್ಲಿಷ್ ಹಾಡು. ಹೆಂಗಸಿನ ದನಿ, ಸ್ವಲ್ಪ ಭಾರವಾದದ್ದು, ಅವಸರವಿಲ್ಲದ್ದು. ಬಾಗಿಲು ತಳ್ಳಿದರೆ ರೇಡಿಯೋ ಇರಲಿಲ್ಲ. ನೀಲಿ ಯೂನಿಫಾರಂ ತೊಟ್ಟ ಒಬ್ಬರು ಬೆಡ್‌ಶೀಟು ಮಡಚುತ್ತ ಹಾಡುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಿದರು.

ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಮ್ಮನ ಜೊತೆ ಮಾತಾಡುತ್ತ ಬಂದಿದ್ದೆ. ಅದು ಅವರ ಕಿವಿಗೆ ಬಿದ್ದಿತ್ತು.

"ಕನ್ನಡವಾ ನೀನು?"

"ಹೌದು. ದಾವಣಗೆರೆ."

"ನಾವು ಮಂಗಳೂರು. ಮೂರನೇ ಮಾಳಿಗೆಯಲ್ಲಿ ಇರುದು. ಈ ಡ್ರೈಯರಿಗೆ ಜಾಸ್ತಿ ಬಟ್ಟೆ ತುಂಬಿಸ್ಬೇಡ ಮಾರಾಯ್ತಿ, ಅರ್ಧದಲ್ಲಿ ನಿಲ್ತದೆ."

ಪರಿಚಯ ಆದದ್ದು ಹೀಗೆ. ಅವರಿಗೆ ಆಗ ನಲವತ್ತೊಂದು, ನನಗೆ ಮೂವತ್ತನಾಲ್ಕು. ಅಂದೇ ಅಕ್ಕ ಎಂದು ಕರೆಯತೊಡಗಿದೆ. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಗಂಡ ಒಂದು ಹೋಟೆಲಿನಲ್ಲಿ ಅಡುಗೆಯವರು, ಏಳು ವರ್ಷದ ಒಬ್ಬಳೇ ಮಗಳು. ಅಕ್ಕ ಹತ್ತಿರದ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಮುದುಕರಿಗೆ ಸ್ನಾನ ಮಾಡಿಸುವುದು, ತಿನ್ನಿಸುವುದು, ಮಗ್ಗುಲು ಹೊರಳಿಸುವುದು.

ಅವರು ಹಾಡುತ್ತಿದ್ದದ್ದು ಕಂಟ್ರಿ ಮ್ಯೂಸಿಕ್. ಗಿಟಾರ್ ಹಿಡಿದು ಹೊಲ, ಕುದುರೆ, ದೂರದ ರಸ್ತೆ, ಬಿಟ್ಟುಹೋದವರು ಇವನ್ನೆಲ್ಲ ಹಾಡುವ ಹಾಡು. ಇದು ಮಂಗಳೂರಿನ ಹೆಂಗಸಿಗೆ ಎಲ್ಲಿಂದ ಬಂತು ಎಂದು ನನಗೆ ಅಚ್ಚರಿ. ಕೇಳಿದೆ.

"ನಮ್ಮ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಚಿಕ್ಕಪ್ಪ ಗಲ್ಫಿನಿಂದ ಕ್ಯಾಸೆಟ್ ತರ್ತಿದ್ರು. ಆದಿತ್ಯವಾರ ಇಗರ್ಜಿಯಿಂದ ಬಂದ ಮೇಲೆ ಅಪ್ಪ ಅದನ್ನು ಹಾಕುದು, ಅಮ್ಮ ಹಂದಿಮಾಂಸ ಬೇಯಿಸುದು. ನಮ್ಮಲ್ಲಿ ಮದುವೆಮನೆಯಲ್ಲೂ ಇದೇ ಹಾಡು. ಅರ್ಥ ಗೊತ್ತಾಗುವ ಮೊದ್ಲೇ ನಂಗೆ ಬಾಯಿಪಾಠ ಬರ್ತಿತ್ತು."

ನನ್ನ ಕೆಲಸವೂ ಕಂಟ್ರಿ ಹಾಡುಗಾರರ ಜೊತೆಗೇ ಇತ್ತು, ಹಾಡಿನ ಜೊತೆ ಅಲ್ಲ. ಸೆಂಟ್ರಲ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಗೋದಾಮೊಂದರಲ್ಲಿ ನಮ್ಮ ಆಫೀಸು. ನಾಲ್ಕೇ ಜನ. ಹಾಡುಗಾರರನ್ನು ಮಾರುಕಟ್ಟೆಗೆ ಸಿದ್ಧ ಮಾಡುವುದು ನಮ್ಮ ವ್ಯಾಪಾರ. ಆಲ್ಬಂ ಚಿತ್ರ, ಪೋಸ್ಟರು, ಇಂಟರ್ನೆಟ್ಟಿನಲ್ಲಿ ದಿನಾ ಹಾಕಬೇಕಾದ ಫೋಟೋಗಳು, ಅವುಗಳ ಕೆಳಗೆ ಬರೆಯಬೇಕಾದ ಎರಡು ಸಾಲು. ಫೋಟೋ ತಿದ್ದುವವಳು ನಾನು.

ಚಿತ್ರದ ಕೆಲಸ ನನಗೆ ಹೊಸದಲ್ಲ. ಅಪ್ಪ ದಾವಣಗೆರೆಯಲ್ಲಿ ಬೋರ್ಡು ಬರೆಯುತ್ತಿದ್ದರು. ಚುನಾವಣೆ ಬಂದರೆ ಅಭ್ಯರ್ಥಿಯ ಮುಖ, ಬಟ್ಟೆ ಅಂಗಡಿಗೆ ಹೆಣ್ಣಿನ ಮುಖ. ಯಾರ ಮುಖವಾದರೂ ಎರಡು ಪಟ್ಟು ಬೆಳ್ಳಗೆ ಮಾಡುತ್ತಿದ್ದರು. ಇದ್ದ ಬಣ್ಣ ಬರೆದರೆ ಗಿರಾಕಿ ವಾಪಸ್ ಕಳಿಸುತ್ತಾನೆ ಎನ್ನುತ್ತಿದ್ದರು. ನಾನು ಬ್ರಷ್ಷಿನ ಬದಲು ಕಂಪ್ಯೂಟರ್ ಹಿಡಿದೆ, ಅಷ್ಟೇ.

ನಮ್ಮ ಬಾಸ್ ಐವತ್ತೈದರ ಹೆಂಗಸು. ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮನೆಗೆ ಸೂಪು ಕಳಿಸಿದ್ದರು. ನಾನು ಕೆಲಸಕ್ಕೆ ಸೇರಿದ ದಿನವೇ ಅವರು ಹೇಳಿದ್ದು ಇದು: ಕಂಟ್ರಿ ಕೇಳುವವರು ಸತ್ಯ ಬೇಕು ಅಂತ ಬರುತ್ತಾರೆ, ಅದಕ್ಕೇ ನಮ್ಮ ಫೋಟೋಗಳು ಬೇರೆಯವರ ಫೋಟೋಗಿಂತ ಜಾಸ್ತಿ ಸತ್ಯದ ಹಾಗೆ ಕಾಣಬೇಕು. ಆಫೀಸಿನ ಹಿಂದೆ ಒಂದು ಕೋಣೆಯ ತುಂಬ ಟೋಪಿ, ಬೂಟು, ಬೆಲ್ಟು. ಹೊಸ ಟೋಪಿ ತಂದರೆ ಡಿಕಾಕ್ಷನ್ನಿನಲ್ಲಿ ಅದ್ದಿ, ಅಂಚಿಗೆ ಉಪ್ಪುಕಾಗದ ತಿಕ್ಕಿ, ವರ್ಷಗಟ್ಟಲೆ ಬಿಸಿಲು ಕುಡಿದದ್ದರಂತೆ ಮಾಡುತ್ತಿದ್ದೆವು. ಸಿಡ್ನಿಯಿಂದ ಒಂದು ಗಂಟೆ ದೂರದಲ್ಲಿ ಒಂದು ತೋಟವಿತ್ತು, ಒಬ್ಬ ನಿವೃತ್ತ ದಂತವೈದ್ಯರದ್ದು. ನಮ್ಮ ಎಲ್ಲ ಹಾಡುಗಾರರೂ ಅದೇ ತೋಟದಲ್ಲಿ ಹುಟ್ಟಿ ಬೆಳೆದವರಾಗುತ್ತಿದ್ದರು. ಒಬ್ಬ ಹುಡುಗ ಕಡಲತೀರದ ದೊಡ್ಡ ಮನೆಯವನು, ದನವನ್ನು ಹತ್ತಿರದಿಂದ ನೋಡಿದವನಲ್ಲ. ಅವನನ್ನು ದನ ಕಾಯುವವನನ್ನಾಗಿ ಮಾಡಿದೆವು. ಉಗುರಿನ ಸಂದಿಯಲ್ಲಿ ಮಣ್ಣು ತುಂಬಿದ್ದು ನಾನು, ಒಂದೊಂದೇ ಬೆರಳಿಗೆ, ಮಧ್ಯಾಹ್ನವಿಡೀ ಕೂತು. ಅವನ ಹಾಡು ಚೆನ್ನಾಗಿ ಓಡಿತು.

ಅಕ್ಕ ಹಾಡುವುದನ್ನು ನಾನು ಲಾಂಡ್ರಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳಿಯೇ ಮಾಡಿದೆ. ಅವರು ಒಂದು ಸ್ವಂತ ಹಾಡು ಕಟ್ಟಿದ್ದರು. ಅವರು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಒಳನಾಡಿನ ರೈತರು, ಮರೆವಿನ ಕಾಯಿಲೆ. ದಿನಾ ಸಂಜೆ ಅಕ್ಕನನ್ನು ತಮ್ಮ ತೀರಿಕೊಂಡ ಹೆಂಡತಿ ಅಂದುಕೊಂಡು "ಗೇಟು ಹಾಕಿದ್ಯಾ?" ಎಂದು ಕೇಳುತ್ತಿದ್ದರು. ದನ ಹೊರಗೆ ಹೋಗುತ್ತವೆ ಎಂಬ ಚಿಂತೆ. ಅಕ್ಕ "ಹಾಕಿದ್ದೇನೆ" ಅನ್ನುತ್ತಿದ್ದರು. ಆಮೇಲೆ ಅವರು ಮಲಗುತ್ತಿದ್ದರು. ಹಾಡು ಇಷ್ಟೇ. ಮೊದಲ ಮೂರು ನುಡಿಯಲ್ಲಿ ಹೆಂಡತಿಯ ಬಾಯಲ್ಲಿ ಉತ್ತರ: ಹೌದು, ಗೇಟು ಹಾಕಿದೆ, ಹಸು ಬಂದವು, ನೀನು ಮಲಗು. ಕೊನೆಯ ನುಡಿಯಲ್ಲಿ ನಿಜ ಬರುತ್ತಿತ್ತು. ನಾನು ಅವಳಲ್ಲ, ಕಡಲು ದಾಟಿ ಬಂದವಳು, ನಿನ್ನ ಗೇಟನ್ನು ಕಣ್ಣಿಂದ ಕಂಡವಳಲ್ಲ, ಆದರೂ ದಿನಾ ಹಾಕುತ್ತೇನೆ.

ಬಾಸಿಗೆ ಕೇಳಿಸಿದೆ. ಪೂರ್ತಿ ಕೇಳಿ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಯಾರಿದು?" ಎಂದರು. ಹೇಳಿದೆ. "ಫೋಟೋ ಇದೆಯಾ?" ಎಂದರು. ನನ್ನ ಫೋನಿನಲ್ಲಿದ್ದದ್ದು ಅಕ್ಕನ ಮಗಳ ಹುಟ್ಟುಹಬ್ಬದ ಫೋಟೋ. ಅಕ್ಕನದು ಗುಂಡು ಮುಖ, ಕಪ್ಪು ಬಣ್ಣ, ಕೊರಳಲ್ಲಿ ಶಿಲುಬೆ, ಕೈಯಲ್ಲಿ ಕೇಕಿನ ಚಾಕು. ಬಾಸ್ ತುಂಬ ಹೊತ್ತು ನೋಡಿದರು. "ಕರೆದುಕೊಂಡು ಬಾ," ಎಂದರು.

ಅಕ್ಕ ಬಂದರು, ರೆಕಾರ್ಡಿಂಗ್ ಆಯಿತು, ಮೂರು ಹಾಡಿಗೆ ಕರಾರಿನ ಕಾಗದ ಆಯಿತು. ಹಾಡುಗಳನ್ನು ಹೊರತರುವುದು ಮೆಲ್ಬೋರ್ನಿನ ಒಂದು ಕಂಪನಿ. ಅದರ ಮಾರ್ಕೆಟಿಂಗ್ ಮ್ಯಾನೇಜರ್ ನನಗಿಂತ ಚಿಕ್ಕವನು, ನಗುಮುಖದವನು, ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುವವನು. ಫೋಟೋ ತೆಗೆಯುವ ದಿನ ತಾನೇ ಸಿಡ್ನಿಗೆ ಬಂದ. ದಂತವೈದ್ಯರ ತೋಟಕ್ಕೆ ಹೋದೆವು. ಮೊದಲು ಅಕ್ಕನಿಗೆ ಟೋಪಿ, ಬೂಟು ಹಾಕಿಸಿದರು. ಮ್ಯಾನೇಜರ್ ಕ್ಯಾಮೆರಾದಲ್ಲಿ ನೋಡಿ, ಯಾಕೋ ವೇಷದ ಹಾಗೆ ಕಾಣುತ್ತದೆ ಎಂದ. ಆಮೇಲೆ ಸೀರೆ ಉಡಿಸಿ, ಹಣೆಗೆ ಬೊಟ್ಟಿಟ್ಟು, ಮೇಲೆ ಟೋಪಿ ಇಡೋಣ ಎಂದ.

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ನಾವು ಬೊಟ್ಟು ಇಡುದಿಲ್ಲ ಅಂತ ಹೇಳು ಅವನಿಗೆ. ಮತ್ತೆ ಸೀರೆ ಉಟ್ಟು ಹುಲ್ಲಲ್ಲಿ ಯಾರು ನಡೀತಾರೆ?"

ಹೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅದು ಒಂದು ವಾರ ತಮಾಷೆಯಾಗಿ ಓಡಿ ನಿಂತುಹೋಗುತ್ತಿತ್ತು, ಬೇಡ ಅಂದದ್ದೇ ಒಳ್ಳೆಯದಾಯಿತು ಎಂದ. ಕೊನೆಗೆ ಅಕ್ಕನನ್ನು ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಲ್ಲಿಸಿದರು. ಸೂರ್ಯ ಇಳಿಯುವ ಹೊತ್ತು. ಮುಖ ಅರ್ಧ ಈ ಕಡೆ, ಟೋಪಿಯ ಅಂಚಿನ ನೆರಳು ಮೂಗಿನವರೆಗೆ.

ಮಾರನೆಯ ದಿನ ಆ ಫೋಟೋ ನನ್ನ ಮೇಜಿಗೆ ಬಂತು. ಮೈಬಣ್ಣ ಬದಲಿಸು ಎಂದು ಯಾರೂ ಹೇಳಲಿಲ್ಲ. ಬೆಳಕು ಇನ್ನೂ ಸ್ವಲ್ಪ ಬಂಗಾರವಾಗಲಿ ಎಂದರು. ಸಂಜೆಯ ಬೆಳಕನ್ನು ಸಾಕಷ್ಟು ಸುರಿದರೆ ಯಾರ ಚರ್ಮವೂ ಒಂದೇ ಬಣ್ಣಕ್ಕೆ ಬರುತ್ತದೆ. ನಾನು ಸುರಿದೆ. ನೆರಳನ್ನು ಗಲ್ಲದವರೆಗೆ ಇಳಿಸಿದೆ. ಸೊಂಟವನ್ನು ಎರಡೂ ಕಡೆಯಿಂದ ಒಳಗೆ ತಳ್ಳಿದೆ, ತೋಳು ತೆಳ್ಳಗೆ ಮಾಡಿದೆ. ಮುಗಿಸಿದಾಗ ಬೇಲಿಯ ಹತ್ತಿರ ಯಾರೋ ನಿಂತಿದ್ದರು. ಅಕ್ಕ ಅಲ್ಲ ಅನ್ನುವ ಹಾಗಿರಲಿಲ್ಲ, ಅಕ್ಕ ಅನ್ನುವ ಹಾಗೂ ಇರಲಿಲ್ಲ. ಕೆಲಸ ಚೆನ್ನಾಗಿ ಬಂದಿದೆ ಎಂದು ನನಗೆ ಸಂತೋಷವೇ ಆಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಹೆಸರನ್ನೂ ಬದಲಿಸಿದರು. ಎಲ್ಲಿಯವರದಾದರೂ ಆಗಬಹುದಾದ ಒಂದು ಚಿಕ್ಕ ಇಂಗ್ಲಿಷ್ ಹೆಸರು. ಆಮೇಲೆ ಹಾಡಿನ ಕೊನೆಯ ನುಡಿಗೆ ಬಂದರು. ಅದನ್ನು ತೆಗೆಯಬೇಕು ಎಂದು ಬಾಸ್ ಅಕ್ಕನಿಗೆ ತಾವೇ ಹೇಳಿದರು, ನನ್ನ ಎದುರಿಗೇ.

"ಚಿತ್ರದಲ್ಲಿ ಬೇಲಿಯ ಹತ್ತಿರ ರೈತನ ಹೆಂಡತಿ ನಿಂತಿದ್ದಾಳೆ. ಹಾಡಿನ ಕೊನೆಯಲ್ಲಿ ನಾನು ಅವಳಲ್ಲ ಅಂದರೆ ಕೇಳುವವರಿಗೆ ಗೊಂದಲ. ಚಿತ್ರ ಈಗಾಗಲೇ ಎಲ್ಲ ಕಡೆ ಹೋಗಿದೆ."

"ಹಾಡು ಮೊದಲು ಬಂದದ್ದು," ಎಂದರು ಅಕ್ಕ.

"ಜನ ನೋಡುವುದು ಮೊದಲು," ಎಂದರು ಬಾಸ್. ಅವರ ದನಿಯಲ್ಲಿ ಗಡಸು ಇರಲಿಲ್ಲ.

ಅಂದು ಟೂಂಗಾಬಿಗೆ ಒಟ್ಟಿಗೇ ರೈಲಿನಲ್ಲಿ ವಾಪಸು ಬಂದೆವು. ಪ್ಯಾರಮಾಟಾ ಸ್ಟೇಷನ್ ದಾಟಿದ ಮೇಲೆ ಅಕ್ಕ, "ಆ ನಾಲ್ಕು ಸಾಲಿಗೋಸ್ಕರ ನಾನು ಹಾಡು ಬರೆದದ್ದು," ಎಂದರು. ನಾನು, ಮೊದಲನೆಯ ಹಾಡು ತಾನೇ ಅಕ್ಕ, ಹೆಸರು ಬಂದ ಮೇಲೆ ನಿಮಗೆ ಬೇಕಾದ್ದು ಹಾಡಬಹುದು ಎಂದೆ. ಅವರು ತಲೆಯಾಡಿಸಿದರು. ನನ್ನ ಮಾತನ್ನು ನಂಬಿದರು ಅಂತ ಕಾಣುತ್ತದೆ. ಅಂದು ನಾನೂ ನಂಬಿದ್ದೆ.

ಹಾಡು ಓಡಿತು. ಒಳನಾಡಿನ ರೇಡಿಯೋಗಳಲ್ಲಿ ದಿನಾ ಬರತೊಡಗಿತು. ಫೋಟೋದ ಕೆಳಗೆ ಜನ ಬರೆಯುತ್ತಿದ್ದರು: ನನ್ನ ಅಮ್ಮನೂ ಹೀಗೇ ಬೇಲಿಯ ಹತ್ತಿರ ನಿಲ್ಲುತ್ತಿದ್ದಳು, ನಿನ್ನ ಗಂಡ ಈಗ ಹೇಗಿದ್ದಾನೆ, ನಮ್ಮ ಕಡೆ ಬಂದರೆ ಮನೆಗೆ ಬಾ. ಅವಕ್ಕೆ ಉತ್ತರ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ದಾವಣಗೆರೆಯ ನಾನು ಕೂತು ರೈತನ ಹೆಂಡತಿಯಾಗಿ ಮಳೆಯ ಬಗ್ಗೆ, ದನಗಳ ಬಗ್ಗೆ ಬರೆದೆ. ಅಕ್ಕನಿಗೆ ಸಂತೋಷ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಆರೈಕೆ ಮನೆಯ ಊಟದ ಕೋಣೆಯ ರೇಡಿಯೋದಲ್ಲಿ ಹಾಡು ಬಂತಂತೆ. ಆ ಮುದುಕರು ಚಮಚ ಕೆಳಗಿಟ್ಟು ಕೇಳಿದರಂತೆ. ಅಕ್ಕ ಅವರ ಬಾಯಿ ಒರೆಸುತ್ತ ನಿಂತಿದ್ದರಂತೆ. ತಾವೇ ಹಾಡಿದ್ದು ಎಂದು ಯಾರಿಗೂ ಹೇಳುವ ಹಾಗಿರಲಿಲ್ಲ, ಕಾಗದದಲ್ಲಿ ಹಾಗೆ ಬರೆದಿತ್ತು.

"ನಂಗೆ ನಗು ತಡೀಲಿಕ್ಕೆ ಆಗ್ಲಿಲ್ಲ ಮಾರಾಯ್ತಿ," ಎಂದರು. ಕಣ್ಣಲ್ಲಿ ನೀರಿತ್ತು.

ನಾಲ್ಕು ತಿಂಗಳ ಮೇಲೆ ಮೆಲ್ಬೋರ್ನಿನಿಂದ ಕರೆ ಬಂತು. ಒಂದು ಸಭಾಂಗಣದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ನೋಡಲು ಬರುವವರು ಸಾರ್ವಜನಿಕರಲ್ಲ. ಊರೂರಿನ ಸಂಗೀತ ಮೇಳಗಳಿಗೆ ಹಾಡುಗಾರರನ್ನು ಆರಿಸುವವರು. ಅಲ್ಲಿ ಮೆಚ್ಚಿಗೆಯಾದರೆ ವರ್ಷವಿಡೀ ಕೆಲಸ. ಅಕ್ಕ ರಜೆ ಬರೆದರು. ಹೊಸ ಅಂಗಿ ಹೊಲಿಸಿದರು.

ಅದೇ ವಾರ ಮ್ಯಾನೇಜರ್ ನನಗೆ ಒಂದಿಷ್ಟು ಫೋಟೋ ಕಳಿಸಿದ. ಇಪ್ಪತ್ತಾರು ವರ್ಷದ ಒಬ್ಬಳು ಹುಡುಗಿ, ತಿಳಿಗೂದಲು, ಅದೇ ಟೋಪಿ. ಹಾಡಿಗೆ ಮಾಡುವ ವಿಡಿಯೋದಲ್ಲಿ ಮುಖ ತೋರಿಸಲೇಬೇಕಾಗಿದೆ, ಮುಖ ಇಲ್ಲದ ಹಾಡುಗಾರ್ತಿಯನ್ನು ವೇದಿಕೆಗೆ ಯಾರೂ ಕರೆಯುವುದಿಲ್ಲ, ಇವಳು ಆ ಮುಖ ಎಂದು ಬರೆದಿದ್ದ. ಬೇಲಿಯ ಹತ್ತಿರ ನಿಂತವಳು ಕೊನೆಗೂ ನಮ್ಮ ಕಡೆ ತಿರುಗಿದಂತೆ ಪೋಸ್ಟರು ಬೇಕಿತ್ತು. ಬಾಸಿನ ಕೋಣೆಗೆ ಹೋಗಿ ಅಕ್ಕನಿಗೆ ಹೇಳಿದ್ದೀರಾ ಎಂದು ಕೇಳಿದೆ. ಮೆಲ್ಬೋರ್ನಿನವರು ಹೇಳುತ್ತಾರೆ, ನೀನು ಹೇಳಬೇಡ ಎಂದರು. ನನ್ನ ಪಿಆರ್ ಅರ್ಜಿ, ಇಲ್ಲೇ ಕಾಯಂ ಆಗಿ ಇರುವ ಪರವಾನಗಿಯದು, ಆಗ ಅರ್ಧದಲ್ಲಿತ್ತು. ಅದಕ್ಕೆ ಬಾಸಿನ ಸಹಿ ಬೇಕು. ಕೆಲಸ ಹೋದರೆ ದೇಶ ಬಿಡಬೇಕು. ಇದನ್ನು ನೆವ ಅನ್ನಿ, ಕಾರಣ ಅನ್ನಿ. ನಾನು ಪೋಸ್ಟರು ಮಾಡಿದೆ. ಅಕ್ಕನ ತೋಳಿನ ನೆರಳಿಗೆ ಆ ಹುಡುಗಿಯ ಭುಜ ಸರಿಯಾಗಿ ಕೂರುವವರೆಗೆ ಮೂರು ದಿನ ಕೂತೆ.

ವಿಮಾನದಲ್ಲಿ ಬೆಳಿಗ್ಗೆ ಮೆಲ್ಬೋರ್ನಿಗೆ ಇಳಿದೆವು. ಫ್ಲಿಂಡರ್ಸ್ ಸ್ಟ್ರೀಟಿನಿಂದ ಟ್ರ್ಯಾಮ್ ಹತ್ತಿದೆವು. ತಣ್ಣನೆಯ ಗಾಳಿ, ಹನಿ ಮಳೆ. ಅಕ್ಕ ದನಿ ಕೆಡಬಾರದು ಎಂದು ಕೊರಳಿಗೆ ಶಾಲು ಸುತ್ತಿಕೊಂಡು ಬಿಸಿನೀರಿನ ಬಾಟಲಿ ಹಿಡಿದಿದ್ದರು. ದಾರಿಯುದ್ದಕ್ಕೂ ಹೇಳಬೇಕು ಎಂದು ಬಾಯಿ ತೆರೆದೆ, ಹೇಳಲಿಲ್ಲ. ಸಭಾಂಗಣದ ಗಾಜಿನ ಬಾಗಿಲಿಗೆ ಪೋಸ್ಟರು ಅಂಟಿಸಿದ್ದರು. ಅಕ್ಕ ತಮ್ಮ ಆ ಚಿಕ್ಕ ಹೆಸರನ್ನು ನೋಡಿ ಹತ್ತಿರ ಹೋದರು. ಆಮೇಲೆ ಮುಖ ನೋಡಿದರು.

"ಇದು ಯಾರು?"

ನಾನು ಬಾಗಿಲಿನ ಹಿಡಿಗೆ ಕೈ ಹಾಕಿದೆ.

"ನೀನು ಮಾಡಿದ್ದಾ?"

"ಹೌದಕ್ಕ."

"ಯಾವಾಗ?"

"ಎರಡು ವಾರ ಆಯ್ತು."

ಅವರು ಪೋಸ್ಟರಿನ ಮೇಲೆಯೇ ಕಣ್ಣಿಟ್ಟಿದ್ದರು. "ಎರಡು ವಾರದಲ್ಲಿ ನೀನು ನಮ್ಮ ಮನೆಯಲ್ಲಿ ಮೂರು ಸರ್ತಿ ಊಟ ಮಾಡಿದ್ದಿ," ಎಂದರು.

ಒಳಗೆ ಮ್ಯಾನೇಜರ್ ಅಕ್ಕನನ್ನು ಕೂರಿಸಿ ಸಮಾಧಾನದಿಂದ ವಿವರಿಸಿದ. ಹುಡುಗಿ ಮುಂದೆ ನಿಲ್ಲುತ್ತಾಳೆ, ತುಟಿ ಆಡಿಸುತ್ತಾಳೆ. ಅಕ್ಕ ಬದಿಯಲ್ಲಿ, ಹಿಮ್ಮೇಳದ ಇಬ್ಬರ ಜೊತೆ ನಿಂತು ಹಾಡುತ್ತಾರೆ. ದನಿ ನಿಮ್ಮದೇ ಎಂದ. ಹಾಡು ಬರೆದವರ ಹೆಸರು ಇರುತ್ತದೆ, ಸಣ್ಣ ಅಕ್ಷರದಲ್ಲಿ. ಬೇಡ ಅಂದರೆ ಇವತ್ತೇ ವಾಪಸು ಹೋಗಬಹುದು, ರೆಕಾರ್ಡ್ ಹಾಕಿಕೊಳ್ಳುತ್ತೇವೆ. ಅವನು ಮಾತಾಡುತ್ತಿದ್ದಾಗ ಆ ಹುಡುಗಿ ಬಂದಳು. ಬೂಟು ಒಂದು ಅಳತೆ ಚಿಕ್ಕದಾಗಿ ಹಿಮ್ಮಡಿ ಸುಲಿದು ಕುಂಟುತ್ತಿದ್ದಳು. ಹಗಲು ಮಕ್ಕಳಿಗೆ ಡ್ಯಾನ್ಸ್ ಕಲಿಸುವವಳು, ಮೆಲ್ಬೋರ್ನಿನ ಫ್ಲ್ಯಾಟಿನಲ್ಲಿ ಬೆಳೆದವಳು. ವಿಡಿಯೋಗೆ ಕುದುರೆಯ ಪಕ್ಕ ನಿಲ್ಲಿಸಿದಾಗ ಹೆದರಿ ಅತ್ತಿದ್ದಳಂತೆ.

"ವಿಡಿಯೋ ಮಾತ್ರ ಅಂತ ಹೇಳಿದ್ದರು," ಎಂದಳು ಅಕ್ಕನಿಗೆ. "ಇವತ್ತಿನದು ನಿನ್ನೆ ಗೊತ್ತಾಯಿತು. ಕ್ಷಮಿಸಿ."

ಅಕ್ಕ ತಮ್ಮ ಕೈಚೀಲದಿಂದ ಬ್ಯಾಂಡೇಜು ತೆಗೆದರು. ಆರೈಕೆ ಮನೆಯವರ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ನೆಲದ ಮೇಲೆ ಕೂತು ಆ ಹುಡುಗಿಯ ಬೂಟು ಬಿಚ್ಚಿ, ಹಿಮ್ಮಡಿ ಒರೆಸಿ, ಪಟ್ಟಿ ಹಾಕಿದರು. ಎದ್ದು, "ಹಾಡುವ," ಎಂದರು ನನಗೆ. ಅಷ್ಟೇ.

ಕಾರ್ಯಕ್ರಮ ಶುರುವಾಯಿತು. ಎಂಬತ್ತು ಜನ ಇರಬಹುದು. ಬೆಳಕೆಲ್ಲ ಹುಡುಗಿಯ ಮೇಲೆ. ಅಕ್ಕ ಪರದೆಯ ಪಕ್ಕದ ಮಬ್ಬಿನಲ್ಲಿ, ಹೊಸ ಅಂಗಿಯ ಮೇಲೆ ಕಂಪನಿಯವರು ಕೊಟ್ಟ ಕಪ್ಪು ಕೋಟು. ಅಷ್ಟು ಚೆನ್ನಾಗಿ ಅವರು ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೂರು ನುಡಿ ಮುಗಿದವು. ಗಿಟಾರಿನವನು ಕೊನೆಯ ತಂತಿ ಮೀಟಿ ಕೈ ಇಳಿಸಿದ. ಅಕ್ಕ ನಿಲ್ಲಿಸಲಿಲ್ಲ. ತೆಗೆದುಹಾಕಿದ್ದ ನಾಲ್ಕು ಸಾಲನ್ನು ಯಾವ ವಾದ್ಯವೂ ಇಲ್ಲದೆ ಹಾಡತೊಡಗಿದರು. ನಾನು ಅವಳಲ್ಲ. ಹುಡುಗಿಗೆ ಆ ಸಾಲು ಗೊತ್ತಿರಲಿಲ್ಲ. ಬಾಯಿ ಮುಚ್ಚಿ, ತಲೆ ತಗ್ಗಿಸಿ, ಟೋಪಿಯ ಅಂಚು ಹಿಡಿದು ನಿಂತಳು. ಈಗ ಎಲ್ಲರಿಗೂ ಗೊತ್ತಾಗುತ್ತದೆ ಅಂದುಕೊಂಡೆ. ಮ್ಯಾನೇಜರ್ ಎದ್ದು ನಿಂತಿದ್ದ.

ಹಾಡು ಮುಗಿಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗಿಯ ಕಡೆ ತಿರುಗಿ ತಟ್ಟಿದರು. ಅದನ್ನು ಬೇಕೆಂದೇ ಹಾಗೆ ಮಾಡಿದ್ದು ಅಂದುಕೊಂಡಿದ್ದರು. ಗಂಡನ ನೆನಪಿನಿಂದ ಅಳಿಸಿಹೋದವಳು ಮಾತು ಬಾರದೆ ನಿಂತಿದ್ದಾಳೆ, ದನಿ ಮಾತ್ರ ಎಲ್ಲಿಂದಲೋ ಬರುತ್ತಿದೆ ಅಂತ. ಒಬ್ಬರು ವಯಸ್ಸಾದ ಹೆಂಗಸು ವೇದಿಕೆಗೆ ಬಂದು ಹುಡುಗಿಯ ಕೈ ಹಿಡಿದು ಆ ಕೊನೆ ನನ್ನನ್ನು ಅಲ್ಲಾಡಿಸಿಬಿಟ್ಟಿತು ಎಂದರು. ಹುಡುಗಿ ಅಕ್ಕನ ಕಡೆ ಕೈ ತೋರಿಸಿ, ಹಾಡಿದ್ದು ನಾನಲ್ಲ, ಅವರು, ಪೂರ್ತಿ ಹಾಡು ಅವರದ್ದು ಎಂದಳು. ಆ ಹೆಂಗಸು ಅಕ್ಕನಿಗೆ ನಕ್ಕು, ಹಿಮ್ಮೇಳ ಬಹಳ ಚೆನ್ನಾಗಿತ್ತು ಎಂದು ಹೇಳಿ ಮತ್ತೆ ಹುಡುಗಿಯ ಕಡೆ ತಿರುಗಿದರು.

ಮ್ಯಾನೇಜರ್ ಹತ್ತಿರ ಬಂದು, ಪರಿಣಾಮ ಚೆನ್ನಾಗಿತ್ತು, ಆದರೆ ಕೇಳದೆ ಇನ್ನು ಮುಂದೆ ಹಾಗೆ ಮಾಡಬೇಡಿ ಎಂದ.

ಅಕ್ಕ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ವಾಪಸು ವಿಮಾನದಲ್ಲಿ ಕಿಟಕಿಯ ಪಕ್ಕ ಕೂತರು. ನಾನು ಕ್ಷಮೆ ಕೇಳಿದೆ. ಪಿಆರ್ ವಿಷಯವನ್ನೂ ಹೇಳಿದೆ.

"ನೀನು ಹೇಳಿದ್ರೂ ನಾನು ಬರ್ತಿದ್ದೆನೋ ಏನೋ," ಎಂದರು. "ಅದು ಬೇರೆ. ನೀನು ಹೇಳ್ಬೇಕಿತ್ತು."

ಉಳಿದದ್ದೆಲ್ಲ ಕಾಗದದಲ್ಲೇ ಮುಗಿಯಿತು. ಅಕ್ಕ ಮುಂದೆ ಹಾಡುವುದಿಲ್ಲ ಎಂದು ಬರೆದು ಕಳಿಸಿದರು. ಆ ಹೆಸರು ಕಂಪನಿಯದು, ಅದು ಅಲ್ಲೇ ಉಳಿಯಿತು. ಅದೇ ಹೆಸರಿನಲ್ಲಿ ಬೇರೊಬ್ಬಳ ದನಿಯಲ್ಲಿ ಇನ್ನೆರಡು ಹಾಡು ಬಂದವು, ಮುಖ ಆ ಹುಡುಗಿಯದೇ. ಜನಕ್ಕೆ ವ್ಯತ್ಯಾಸ ತಿಳಿಯಲಿಲ್ಲ ಅಥವಾ ಬೇಕಾಗಿರಲಿಲ್ಲ. ಎರಡು ವರ್ಷದಲ್ಲಿ ಆ ಹುಡುಗಿಯನ್ನೂ ಬಿಟ್ಟರು. ಕ್ಯಾಮೆರಾದಲ್ಲಿ ಮುಖ ದಣಿದ ಹಾಗೆ ಕಾಣುತ್ತದೆ ಎಂದು ಹೇಳಿದರಂತೆ. ಆ ಮುಖ ದಣಿದದ್ದನ್ನು ಮೊದಲು ಕಂಡವಳು ನಾನೇ. ಕಣ್ಣ ಕೆಳಗಿನ ಗೆರೆ ಅಳಿಸುವಷ್ಟು ದಿನ ಅಳಿಸಿದೆ.

ಪಿಆರ್ ಬಂದ ಮೇಲೆ ನಾನು ಕೆಲಸ ಬಿಟ್ಟೆ. ಧೈರ್ಯದಿಂದ ಬಿಟ್ಟೆ ಎಂದು ಹೇಳಿಕೊಳ್ಳುವಂತಿಲ್ಲ. ಕೊನೆಯ ದಿನ ಬಾಸ್ ಚಹಾಕ್ಕೆ ಕರೆದರು. ತಾವೂ ಹಾಡುತ್ತಿದ್ದವರು ಎಂದು ಅಂದು ಮೊದಲ ಬಾರಿ ಹೇಳಿದರು. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಮಗು ಹುಟ್ಟಿದ ಮೇಲೆ, ಮೈ ತುಂಬಿಕೊಂಡಿದೆ ಎಂದು ಅವರ ಆಲ್ಬಮನ್ನು ನಿಲ್ಲಿಸಿದ್ದರಂತೆ.

"ಹಾಗಿದ್ದೂ ನೀವು ಇದನ್ನು ಮಾಡಿದಿರಿ," ಎಂದೆ.

"ನನಗೆ ಗೊತ್ತಿದ್ದ ವ್ಯಾಪಾರ ಇದೊಂದೇ," ಎಂದರು. ಕಪ್ಪಿನಲ್ಲಿ ಚಮಚ ತಿರುಗಿಸುತ್ತ ಕೂತರು.

ಅಕ್ಕ ಒಂದೇ ಒಂದು ಬಾರಿ ಆಮೇಲೆ ಹೊರಗೆ ಹಾಡಿದರು ಎಂದು ಅವರ ಗಂಡ ನನಗೆ ಹೇಳಿದ್ದರು. ಯಾರು ಬೇಕಾದರೂ ಹಾಡಬಹುದಾದ ಒಂದು ಪಬ್ಬಿನಲ್ಲಿ, ಭಾನುವಾರ ಮಧ್ಯಾಹ್ನ. ಆ ಹಾಡನ್ನೇ, ನಾಲ್ಕೂ ನುಡಿ ಸೇರಿಸಿ. ಮುಗಿದ ಮೇಲೆ ಒಬ್ಬ ಸಭ್ಯ ಮನುಷ್ಯ ಬಂದು ಹೊಗಳಿದನಂತೆ. ಹೆಚ್ಚುಕಮ್ಮಿ ಅವಳ ಹಾಗೇ ಹಾಡುತ್ತೀರಿ, ಆದರೆ ಪಾಪ ಅವಳ ಹಾಡಿಗೆ ನಿಮ್ಮ ಸಾಲು ಸೇರಿಸಬಾರದಿತ್ತು ಎಂದನಂತೆ. ಅಲ್ಲಿಗೆ ಮುಗಿಯಿತು. ತಾವು ಹಾಡುತ್ತಿದ್ದ ಇಗರ್ಜಿಯ ಗಾಯನವೃಂದಕ್ಕೂ ಗಂಟಲು ಸರಿಯಿಲ್ಲ ಎಂದು ಹೇಳಿ ಹೋಗುವುದು ಬಿಟ್ಟರು. ಆಮೇಲೆ ಅವರು ಮನೆ ಬದಲಿಸಿದರು, ನಾನು ಸಿಡ್ನಿಯಲ್ಲೇ ಎಪ್ಪಿಂಗ್ ಬಡಾವಣೆಗೆ ಬಂದೆ.

ಕಳೆದ ವರ್ಷ ನಮ್ಮವರ ಅಂಗಡಿಗಳೇ ತುಂಬಿರುವ ಹ್ಯಾರಿಸ್ ಪಾರ್ಕ್ ಬಡಾವಣೆಯ ಒಂದು ದಿನಸಿ ಅಂಗಡಿಯಲ್ಲಿ ಅಕ್ಕ ಸಿಕ್ಕಿದರು. ಕುಚ್ಚಲಕ್ಕಿಯ ಚೀಲ ಎತ್ತಲು ಒದ್ದಾಡುತ್ತಿದ್ದರು, ನಾನು ಹಿಡಿದೆ. ಕೂದಲು ನರೆತಿತ್ತು. ಕೆಲಸದಲ್ಲಿ ಈಗ ಮೇಲ್ವಿಚಾರಕಿ. ಆ ಮುದುಕರು ತೀರಿಕೊಂಡು ಬಹಳ ದಿನ ಆಯಿತಂತೆ. ಮಗಳು ಹೈಸ್ಕೂಲು, ಗಿಟಾರ್ ಕಲಿಯುತ್ತಿದ್ದಾಳೆ ಎಂದರು.

"ಸ್ಕೂಲಿನವರು ಕ್ಯಾಂಪಿಗೆ ಕರ್ಕೊಂಡು ಹೋಗಿದ್ರು. ಬಸ್ಸಲ್ಲಿ ಆ ಹಾಡು ಹಾಕಿದ್ರಂತೆ. ಬಂದು ನಂಗೆ ಹಾಡಿ ತೋರಿಸಿದ್ಳು."

"ನಿಮ್ಮದು ಅಂತ ಗೊತ್ತಾ ಅವಳಿಗೆ?"

"ಇಲ್ಲ. ಆಗ ಸಣ್ಣವಳಲ್ವಾ."

"ಹೇಳಲ್ವಾ ಅಕ್ಕ?"

ಅವರು ಕೌಂಟರಿನ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. "ಹೇಳಿದ್ರೆ ಫೋನಲ್ಲಿ ಆ ಹುಡುಗಿಯ ಫೋಟೋ ತೆಗೆದು ತೋರಿಸ್ತಾಳೆ. ಇದು ನೀನಲ್ಲ ಅಂತಾಳೆ," ಎಂದರು. "ಅವಳು ಹೇಳುದು ಸರಿಯೇ."

ಅಕ್ಕಿಚೀಲವನ್ನು ಅವರ ಕಾರಿನವರೆಗೆ ಹೊತ್ತೆ. ಮನೆಗೆ ಬಾ ಎಂದು ಅವರು ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಡಿಕ್ಕಿ ಮುಚ್ಚಿ, ಗಂಡನಿಗೆ ಶುಗರ್ ಬಂದಿದೆ, ಊಟಕ್ಕೆ ಹೊತ್ತಾಯಿತು ಎಂದು ಹೇಳಿ ಹೊರಟರು.